ಷಡ್ಡಕನ ಅಳತೆಯ ಸೈಕಲ್ಲು

ಕನ್ನಡಕದಂಗಡಿಯವನಿಗೆ ತನ್ನ ಷಡ್ಡಕನನ್ನು ಕಂಡರೆ ಹೊಟ್ಟೆ ಉರಿಯುತ್ತಿತ್ತು. ಇದನ್ನು ಸುತ್ತಿಬಳಸಿ ಹೇಳುವುದರಲ್ಲಿ ಅರ್ಥವಿಲ್ಲ. ಹೆಂಡತಿಯ ಅಕ್ಕನ ಗಂಡ ಎಂದಮೇಲೆ ಒಂದಿಷ್ಟು ಉರಿ ಇದ್ದದ್ದೇ; ಅತ್ತೆಮನೆಯಲ್ಲಿ ಇಬ್ಬರು ಅಳಿಯಂದಿರು ಅಕ್ಕಪಕ್ಕ ಕೂತರೆ ಸಾಕು, ನೋಡುವವರ ಕಣ್ಣು ತಕ್ಕಡಿಯಾಗುತ್ತದೆ. ಷಡ್ಡಕ ಎತ್ತರದ ಆಳು, ಕಟ್ಟಡಗಳಿಗೆ ಲಿಫ್ಟ್ ಕೂರಿಸುವ ಕಂಪನಿಯ ಯಜಮಾನ. ಮನೆ ದೊಡ್ಡದು, ಕಾರು ದೊಡ್ಡದು, ನಗು ಅವೆರಡಕ್ಕಿಂತ ದೊಡ್ಡದು. ಇದನ್ನೆಲ್ಲ ಕನ್ನಡಕದವನು ಹೇಗೋ ನುಂಗಿಕೊಂಡಿದ್ದ. ನುಂಗಲಾಗದೆ ಗಂಟಲಲ್ಲಿ ಸಿಕ್ಕಿಕೊಂಡದ್ದು ಒಂದೇ. ಪ್ರತಿ ಭಾನುವಾರ ಬೆಳಿಗ್ಗೆ ಆ ದೊಡ್ಡ ಕಾರು ಮನೆ ಮುಂದೆ ಬಂದು ನಿಲ್ಲುತ್ತಿತ್ತು, ಅವನ ಮಗಳು ಪುಟ್ಟಿ ತನ್ನ ಸೈಕಲನ್ನು ಅದರ ಬೆನ್ನಿಗೆ ಕಟ್ಟಿಕೊಂಡು ದೊಡ್ಡಪ್ಪನ ಜೊತೆ ಬೆಟ್ಟಕ್ಕೆ ಹೊರಟುಬಿಡುತ್ತಿದ್ದಳು.

ಪುಟ್ಟಿ ಅಂದರೆ ಮನೆಯವರು ಕರೆಯುವ ಹೆಸರು. ಹುಡುಗಿ ಕಾಲೇಜಿಗೆ ಸೇರಿದ್ದಳು. ಅವಳಿಗೆ ಸೈಕಲ್ ಕಲಿಸಿದವನು ದೊಡ್ಡಪ್ಪನಲ್ಲ, ಅಪ್ಪ. ಅಂಗಡಿಯ ಹಿಂದಿನ ಓಣಿಯಲ್ಲಿ, ಸೀಟು ಹಿಡಿದುಕೊಂಡು, ಬೆನ್ನು ಬಗ್ಗಿಸಿ ಓಡಿ ಓಡಿ ಕಲಿಸಿದ್ದ. "ಬಿಡಬೇಡ ಅಪ್ಪ" ಎಂದು ಅವಳು ಕೂಗುತ್ತಿದ್ದಳು. "ಬಿಟ್ಟಿಲ್ಲ ಕಣೇ" ಎಂದು ಇವನು ಬಿಟ್ಟುಬಿಟ್ಟ ಮೇಲೂ ಕೂಗುತ್ತಿದ್ದ. ಅಷ್ಟು ಬೆವರು ಸುರಿಸಿದವನಿಗೆ ಈಗ ಸಿಗುತ್ತಿದ್ದದ್ದು ಭಾನುವಾರ ಮಧ್ಯಾಹ್ನದ ಊಟದ ಹೊತ್ತಿನ ವರದಿ ಮಾತ್ರ. ಅದರಲ್ಲಿ ಪ್ರತಿ ವಾಕ್ಯವೂ "ದೊಡ್ಡಪ್ಪ ಹೇಳಿದ್ರು" ಎಂದೇ ಶುರುವಾಗುತ್ತಿತ್ತು. ಇಳಿಜಾರಲ್ಲಿ ಹಿಮ್ಮಡಿ ಕೆಳಗೆ ಒತ್ತಬೇಕು ಅಂತ ದೊಡ್ಡಪ್ಪ ಹೇಳಿದ್ರು. ತಿರುವಿಗೆ ಮುಂಚೆ ಬ್ರೇಕು, ತಿರುವಲ್ಲಿ ಅಲ್ಲ ಅಂತ ದೊಡ್ಡಪ್ಪ ಹೇಳಿದ್ರು. ಕನ್ನಡಕದವನು ತಲೆ ತಗ್ಗಿಸಿ ಅನ್ನ ಕಲೆಸುತ್ತಿದ್ದ. ದೊಡ್ಡಪ್ಪನ ಗಂಡುಮಕ್ಕಳಿಬ್ಬರಿಗೂ ಸೈಕಲ್ ಅಂದರೆ ಆಗದು. ಅದಕ್ಕೇ ಈ ಮನುಷ್ಯ ನನ್ನ ಮಗಳಿಗೆ ಗಂಟುಬಿದ್ದಿದ್ದಾನೆ ಎಂದು ಅವನ ಲೆಕ್ಕ.

ಒಂದೇ ಒಂದು ಸಲ ಅವನೂ ಜೊತೆಗೆ ಹೋಗಿದ್ದ. ಅಂಗಡಿಗೆ ಓಡಾಡುವ ತನ್ನ ಹಳೇ ಸೈಕಲ್ಲಿನಲ್ಲೇ. ಅದಕ್ಕೆ ಮುಂದೂ ಸ್ಪ್ರಿಂಗಿಲ್ಲ, ಹಿಂದೂ ಇಲ್ಲ. ಬೆಟ್ಟದ ಒಂದೊಂದು ಕಲ್ಲೂ ನೇರವಾಗಿ ಹಲ್ಲಿಗೆ ಬಂದು ಬಡಿಯುತ್ತಿತ್ತು. ಷಡ್ಡಕನ ಸೈಕಲ್ಲಾದರೋ ಹಿಂದೂ ಮುಂದೂ ಶಾಕ್ ಇರುವ ಫುಲ್ ಸಸ್ಪೆನ್ಶನ್ನಿನದು, ಕಾರ್ಬನ್ ಫ್ರೇಮಿನದು, ಎರಡು ಬೆರಳಲ್ಲಿ ಎತ್ತಿಬಿಡಬಹುದು ಅನ್ನುವಷ್ಟು ಹಗುರ. ಅದು ಕಲ್ಲಿನ ಮೇಲೆ ಹೋಗುವಾಗ ಚಕ್ರ ಮಾತ್ರ ಮೇಲೆ ಕೆಳಗೆ ಆಗುತ್ತಿತ್ತು. ಮೇಲೆ ಕೂತ ಯಜಮಾನರು ಸೋಫಾದಲ್ಲಿದ್ದಂತಿದ್ದರು. ಪುಟ್ಟಿ ಅವನ ಹಿಂದೆಯೇ ಸರಸರ ಇಳಿದಳು. ಇವನು ಕೊನೆಯಲ್ಲಿ ಸೈಕಲನ್ನು ತಳ್ಳಿಕೊಂಡು ಬಂದಾಗ ಇಬ್ಬರೂ ಕೆಳಗೆ ಬಂಡೆ ಮೇಲೆ ಕೂತು ಕಾಯುತ್ತಿದ್ದರು. "ಪಾಪ" ಎಂದ ಷಡ್ಡಕ, ನೀರಿನ ಬಾಟಲಿ ಚಾಚುತ್ತಾ. ಅಷ್ಟೇ, ಒಂದೇ ಮಾತು. ಬೈದಿದ್ದರೆ ಇವನು ಮರೆತುಬಿಡುತ್ತಿದ್ದ. ಆ "ಪಾಪ" ಮಾತ್ರ ಒಳಗೆ ಹೋಗಿ ಕೂತುಬಿಟ್ಟಿತು. ಮಾರನೇ ದಿನ ಅಂಗಡಿಯಲ್ಲಿ ಫ್ರೇಮಿಗೆ ಸಣ್ಣ ತಿರುಪು ಕೂರಿಸಲು ಹೋದರೆ ಕೈ ಇನ್ನೂ ನಡುಗುತ್ತಿತ್ತು.

ಅವತ್ತೇ ತೀರ್ಮಾನವಾಯಿತು. ತಾನೂ ಒಂದು ಫುಲ್ ಸಸ್ಪೆನ್ಶನ್ ಸೈಕಲ್ ಕೊಳ್ಳುವುದು. ಮಗಳ ಭಾನುವಾರವನ್ನು ವಾಪಸ್ ಪಡೆಯುವುದು.

ಕಾರ್ಬನ್ನಿಗೆ ಕೈ ಹಾಕುವಷ್ಟು ಅವನ ಜೇಬು ದೊಡ್ಡದಿರಲಿಲ್ಲ. ತೀರಾ ಕಳಪೆಯದನ್ನು ಕೊಳ್ಳುವಷ್ಟು ಸಣ್ಣದೂ ಇರಲಿಲ್ಲ. ಮಧ್ಯದ ದುಡ್ಡು. ಈ ಮಧ್ಯದ ದುಡ್ಡು ಇದೆಯಲ್ಲ, ಅದು ಮನುಷ್ಯನ ತಲೆ ತಿನ್ನುವಷ್ಟು ಬೇರಾವುದೂ ತಿನ್ನುವುದಿಲ್ಲ. ಶ್ರೀಮಂತ ಎಲ್ಲಕ್ಕಿಂತ ಒಳ್ಳೆಯದನ್ನು ಕೊಡಿ ಅನ್ನುತ್ತಾನೆ, ಇಲ್ಲದವನು ಇದ್ದದ್ದನ್ನು ಕೊಡಿ ಅನ್ನುತ್ತಾನೆ. ನಡುವಿನವನು ಮಾತ್ರ ಯಾವುದನ್ನು ಬಿಟ್ಟು ಯಾವುದನ್ನು ಹಿಡಿಯಲಿ ಎಂದು ಕೂತು ಒದ್ದಾಡಬೇಕು. ಶಾಕ್ ಒಳ್ಳೆಯದಿದ್ದರೆ ಬ್ರೇಕು ಸಾಧಾರಣ. ಬ್ರೇಕು ಒಳ್ಳೆಯದಿದ್ದರೆ ಚಕ್ರ ಭಾರ. ಎಲ್ಲ ಚೆನ್ನಾಗಿದೆ ಎಂದರೆ ಬಣ್ಣ ವಾಂತಿ ಬರುವಂಥದು. ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಅವನು ಕೌಂಟರಿನ ಹಿಂದೆ ಕೂತು ಫೋನಿನಲ್ಲಿ ವಿಡಿಯೋ ನೋಡುತ್ತಿದ್ದ. ಗಿರಾಕಿಗಳಿದ್ದ ಹೊತ್ತಿನಲ್ಲೂ ನೋಡಲು ಶುರುಮಾಡಿದ ಮೇಲೆ ಹೆಂಡತಿಗೆ ಸುದ್ದಿ ಮುಟ್ಟಿತು.

"ಸೈಕಲ್ ತಗೊಳ್ತಿರೋದು ಬೆಟ್ಟ ಹತ್ತೋಕಾ, ಭಾವನ ಹೆಗಲು ಹತ್ತೋಕಾ?" ಎಂದಳು ಅವಳು, ಬಟ್ಟೆ ಮಡಚುತ್ತಾ.

"ಮಗಳ ಜೊತೆ ಹೋಗೋಕೆ."

"ಅವಳು ಎರಡು ವರ್ಷದಿಂದ ಬಾ ಅಂತ ಕರೀತಾನೇ ಇದ್ದಳಲ್ಲ. ಆಗೆಲ್ಲ ಭಾನುವಾರದ ವ್ಯಾಪಾರ ಅಂತಿದ್ರಿ."

ಭಾನುವಾರ ಅವನ ಅಂಗಡಿಗೆ ಒಳ್ಳೆ ವ್ಯಾಪಾರದ ದಿನ, ಅದು ನಿಜ. ಅವನು ಇನ್ನೊಂದು ವಿಡಿಯೋ ಹಾಕಿಕೊಂಡ.

ಅವನ ವೃತ್ತಿಯ ಬಗ್ಗೆ ಇಲ್ಲಿ ಒಂದು ಮಾತು ಹೇಳಬೇಕು, ಯಾಕೆಂದರೆ ಮುಂದೆ ಆದದ್ದು ಕೇಳಿದವರು ನಂಬುವುದು ಕಷ್ಟ. ಕನ್ನಡಕ ಕೂರಿಸುವುದರಲ್ಲಿ ಅವನ ಕೈ ಪಳಗಿದ್ದು. ಮೂಗಿನ ಏಣು, ಕಿವಿಯ ಎತ್ತರ, ಎರಡು ಕಣ್ಪಾಪೆಗಳ ನಡುವಿನ ದೂರ, ಎಲ್ಲವನ್ನೂ ನೋಡಿದ ಕೂಡಲೇ ಹೇಳಬಲ್ಲ. ಯಾರಾದರೂ ಬಂದು "ನಮ್ಮ ಭಾಮೈದ ಹಾಕ್ಕೊಂಡಿದ್ದಾನಲ್ಲ, ಅಂಥದೇ ಫ್ರೇಮು ಕೊಡಿ" ಎಂದರೆ ಅವನಿಗೆ ಮೈಯೆಲ್ಲ ಉರಿದುಹೋಗುತ್ತಿತ್ತು. "ಭಾಮೈದನ ಫ್ರೇಮು ಕೊಡ್ತೀನಿ ಸ್ವಾಮಿ, ಭಾಮೈದನ ಮೂಗು ಎಲ್ಲಿಂದ ತರಲಿ?" ಎಂದು ಮುಖದ ಮೇಲೇ ಕೇಳುತ್ತಿದ್ದ. ಪುಟ್ಟಿ ಚಿಕ್ಕವಳಿದ್ದಾಗ ಅಂಗಡಿಯಲ್ಲಿ ಕೂತು ಈ ಮಾತನ್ನು ಕೇಳಿ ಕೇಳಿ, ಅಪ್ಪನ ಗಂಟಲಲ್ಲೇ ಅದನ್ನು ಆಡಿ ತೋರಿಸಿ ಎಲ್ಲರನ್ನೂ ನಗಿಸುತ್ತಿದ್ದಳು.

ಇಂಥವನು ಒಂದು ಸಂಜೆ ಮಗಳನ್ನು ಕರೆದುಕೊಂಡು ಸೈಕಲ್ ಅಂಗಡಿಗೆ ಹೋದ.

ಅಂಗಡಿಯಾಕೆ ಗಟ್ಟಿ ಹೆಂಗಸು, ತೋಳಿನವರೆಗೆ ಗ್ರೀಸು. ಅವನ ಬಜೆಟ್ ಕೇಳಿಕೊಂಡು ನೇರವಾಗಿ ಹೇಳಿದಳು. "ಈ ದುಡ್ಡಿಗೆ ಕಾರ್ಬನ್ ಕಡೆ ನೋಡ್ಲೇಬೇಡಿ ಸರ್. ಅಲ್ಯೂಮಿನಿಯಂ ಫ್ರೇಮು, ಒಳ್ಳೆ ಶಾಕು, ಒಳ್ಳೆ ಬ್ರೇಕು. ಚಕ್ರ ಆಮೇಲೆ ಬದಲಾಯಿಸ್ಕೋಬಹುದು, ಹ್ಯಾಂಡಲ್ ಬದಲಾಯಿಸ್ಕೋಬಹುದು. ಫ್ರೇಮಿನ ಸೈಜು ಮಾತ್ರ ಬದಲಾಯಿಸೋಕಾಗಲ್ಲ. ಅದನ್ನ ಮೊದಲು ನೋಡಿ."

ಅವನು ಎಲ್ಲದಕ್ಕೂ ತಲೆಯಾಡಿಸಿದ. ಶಾಕುಗಳನ್ನು ಒತ್ತಿ ನೋಡಿದ, ಬ್ರೇಕ್ ಹಿಡಿದು ನೋಡಿದ. ಹ್ಯಾಂಡಲ್ಲಿನ ಗುಂಡಿಯನ್ನು ಹೆಬ್ಬೆರಳಲ್ಲಿ ಒತ್ತಿದರೆ ಸೀಟು ತಾನಾಗಿ ಕೆಳಗಿಳಿಯುವುದನ್ನು ಬೇಕೋ ಬೇಡವೋ ಮೂರು ನಾಲ್ಕು ಸಲ ಇಳಿಸಿ ನೋಡಿದ. ಕೊನೆಗೆ ಹಸಿರು ಬಣ್ಣದ್ದೊಂದು ಮನಸ್ಸಿಗೆ ಹಿಡಿಸಿತು. ಅಂಗಡಿಯಾಕೆ ಅವನನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿ, "ನಿಮಗೆ ಸ್ಮಾಲ್ ಸಾಕು. ಬೇಕಂದ್ರೆ ಮೀಡಿಯಂ" ಎಂದಳು.

ಷಡ್ಡಕನದು ಲಾರ್ಜ್. ಪುಟ್ಟಿಯ ವರದಿಗಳಲ್ಲಿ ಅದೂ ಬಂದಿತ್ತು.

ಕಾರ್ಬನ್ ಇಲ್ಲ, ಹೋಗಲಿ. ಆ ಶಾಕ್ ಇಲ್ಲ, ಆ ಚಕ್ರ ಇಲ್ಲ, ಅದೂ ಹೋಗಲಿ. ಆದರೆ ಬೆಟ್ಟದ ಬುಡದಲ್ಲಿ ಎರಡು ಸೈಕಲ್ಲು ಅಕ್ಕಪಕ್ಕ ನಿಂತಾಗ ತನ್ನದು ಮರಿಯ ಹಾಗೆ ಕಾಣಬೇಕೇ? ಮತ್ತೆ ಆ ಬಾಯಿಂದ "ಪಾಪ" ಬರಬೇಕೇ? ಮಧ್ಯದ ದುಡ್ಡಿನಲ್ಲೂ ಷಡ್ಡಕನ ಸಮಕ್ಕೆ ಸಿಗುವ ಒಂದೇ ಒಂದು ವಸ್ತು ಅಂದರೆ ಈ ಸೈಜು. ಅದಕ್ಕೆ ಹೆಚ್ಚಿನ ದುಡ್ಡೂ ಇಲ್ಲ.

"ಲಾರ್ಜ್ ಕೊಡಿ" ಎಂದ.

"ಲಾರ್ಜ್ ಉದ್ದಕ್ಕಿರೋರಿಗೆ ಸರ್" ಎಂದು ಅಂಗಡಿಯಾಕೆ ಅವನ ಹೆಗಲ ಆಚೆ ನೋಡಿದಳು. ತನಗೆ ಮುಜುಗರವಾಗದಿರಲಿ ಎಂದು ಆಕೆ ಬೇರೆ ಕಡೆ ನೋಡುತ್ತಿದ್ದಾಳೆ ಅಂದುಕೊಂಡ ಅವನು. ಅವನ ಬೆನ್ನ ಹಿಂದೆ ಪುಟ್ಟಿ ಅದೇ ಹಸಿರು ಲಾರ್ಜಿನ ಮೇಲೆ ಕೂತು, ಒಂದು ಕಾಲು ನೆಲದಲ್ಲಿಟ್ಟು, ಮೆಲ್ಲಗೆ ಮೇಲೆ ಕೆಳಗೆ ಕುಲುಕುತ್ತಿದ್ದಳು. ಅವನು ತಿರುಗಿ ನೋಡಿದ್ದರೆ ಈ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಅವನು ತಿರುಗಲಿಲ್ಲ.

"ಅಪ್ಪ, ಒಂದ್ಸಲ ಕೂತು ನೋಡು" ಎಂದಳು ಅವಳು ಇಳಿಯುತ್ತಾ.

"ನೋಡೋದೇನಿದೆ. ನನಗೆ ಗೊತ್ತು."

ಮುಂದಿನ ಭಾನುವಾರ ಕನ್ನಡಕದಂಗಡಿ ಬಾಗಿಲು ತೆಗೆಯಲಿಲ್ಲ. ದೊಡ್ಡ ಕಾರು ಬಂದಾಗ ಕನ್ನಡಕದವನು ಹಸಿರು ಸೈಕಲ್ ಹಿಡಿದು ಗೇಟಿನಲ್ಲಿ ನಿಂತಿದ್ದ, ಮದುವೆ ಗಂಡಿನ ಹಾಗೆ. ಷಡ್ಡಕ ಇಳಿದು ಬಂದು ಸೈಕಲ್ಲಿನ ಸುತ್ತ ಒಂದು ಸುತ್ತು ಹಾಕಿದ, ಶಾಕನ್ನು ಅಂಗೈಯಲ್ಲಿ ಒತ್ತಿದ.

"ಚೆನ್ನಾಗಿದೆ ಕಣಪ್ಪ, ನಿಜವಾಗ್ಲೂ ಚೆನ್ನಾಗಿದೆ. ಲಾರ್ಜಾ?"

"ಹೂಂ ಭಾವ. ನಿಮ್ಮದೇ ಸೈಜು."

ಷಡ್ಡಕ ಏನೋ ಹೇಳಲು ಬಾಯಿ ತೆರೆದು, ಸುಮ್ಮನಾಗಿ, ಸೈಕಲ್ಲನ್ನು ಕಾರಿಗೆ ಕಟ್ಟಿದ. ಆ ಮೌನವನ್ನು ಕನ್ನಡಕದವನು ಹೊಟ್ಟೆಕಿಚ್ಚು ಎಂದು ಓದಿಕೊಂಡ. ದಾರಿಯುದ್ದಕ್ಕೂ ಅವನಿಗೆ ಖುಷಿಯೋ ಖುಷಿ.

ಬೆಟ್ಟ ಹತ್ತುವಾಗಲೇ ಖುಷಿಯ ಗಾಳಿ ಇಳಿಯತೊಡಗಿತು. ಹ್ಯಾಂಡಲ್ ಎಷ್ಟು ದೂರವಿತ್ತೆಂದರೆ ಅಟ್ಟದ ಮೇಲಿನ ಡಬ್ಬಕ್ಕೆ ಕೈ ಚಾಚಿದಂತೆ ಚಾಚಬೇಕಿತ್ತು. ನಿಲ್ಲಿಸಿ ಕಾಲು ನೆಲಕ್ಕೆ ಇಟ್ಟಾಗಲೆಲ್ಲ ಫ್ರೇಮಿನ ಕಂಬಿ ಹೇಳಬಾರದ ಜಾಗಕ್ಕೆ ತಗುಲುತ್ತಿತ್ತು. ಅವನು ಹಲ್ಲು ಕಚ್ಚಿ, ಮುಖದಲ್ಲಿ ನಗು ಅಂಟಿಸಿಕೊಂಡು ತುಳಿದ. ಮುಂದೆ ಷಡ್ಡಕನೂ ಪುಟ್ಟಿಯೂ ಮಾತಾಡಿಕೊಂಡು ಹೋಗುತ್ತಿದ್ದರು. ಒಂದು ಸಲ ಇಬ್ಬರೂ ಒಟ್ಟಿಗೇ ನಕ್ಕರು. ಯಾಕೆಂದು ಇವನಿಗೆ ಕೇಳಿಸಲಿಲ್ಲ. ಕೇಳಿಸದೆ ಇದ್ದದ್ದೇ ಹೆಚ್ಚು ಉರಿಯಿತು.

ಮೇಲೆ ಹೋಗಿ ಒಂದು ಗುಟುಕು ನೀರು ಕುಡಿದು, "ನಾನು ಮುಂದೆ ಹೋಗ್ತೀನಿ" ಎಂದ.

"ಅಪ್ಪ, ಮೊದಲು ದೊಡ್ಡಪ್ಪ ಹೋಗ್ಲಿ. ಅವರ ಹಿಂದೆ..."

"ದೊಡ್ಡಪ್ಪನ ಹಿಂದೆ ಹೋಗೋಕಾ ನಾನು ಇದನ್ನ ತಗೊಂಡಿದ್ದು?"

ಹೇಳಬಾರದಿತ್ತು, ಹೇಳಿಬಿಟ್ಟ. ಪುಟ್ಟಿ ಅಪ್ಪನ ಮುಖ ನೋಡಿದಳು. ಷಡ್ಡಕ ಹೆಲ್ಮೆಟ್ಟಿನ ಪಟ್ಟಿ ಸರಿಮಾಡಿಕೊಳ್ಳುವಂತೆ ನಟಿಸಿದ. ಕನ್ನಡಕದವನು ಇಬ್ಬರ ಮುಖವನ್ನೂ ನೋಡಲಾಗದೆ ಸೈಕಲ್ ಬಿಟ್ಟ.

ಮೊದಲ ಕಲ್ಲುಗಳ ಮೇಲೆ ಸೈಕಲ್ ಹೂವಿನ ಹಾಗೆ ಹೋಯಿತು. ಹಲ್ಲು ಅಲುಗಲಿಲ್ಲ, ಕೈ ನಡುಗಲಿಲ್ಲ. ಇದಪ್ಪಾ ಅಂದರೆ ಇದು ಎಂದು ಅವನು ಅಂದುಕೊಳ್ಳುವಷ್ಟರಲ್ಲಿ ತಿರುವು ಬಂತು. ಮೈಯನ್ನು ಹಿಂದಕ್ಕೆ ಎಳೆಯಲು ಹೋದರೆ ತೋಳು ಆಗಲೇ ಪೂರ್ತಿ ಚಾಚಿಕೊಂಡಿತ್ತು, ಇನ್ನೆಲ್ಲಿಂದ ಎಳೆಯುವುದು? ಹ್ಯಾಂಡಲ್ ತಿರುಗಿಸಿದ; ಉದ್ದ ಸೈಕಲ್ಲು ತನ್ನ ದಾರಿ ತನಗೆ ಎಂದು ನೇರ ಹೋಯಿತು. ಅವನು ಪೊದೆಯೊಳಗೆ ಸೇರಿದ. ಮುಳ್ಳು ಎಲ್ಲೆಲ್ಲಿ ಚುಚ್ಚಬಹುದೋ ಅಲ್ಲೆಲ್ಲ ಚುಚ್ಚಿತು.

ಇಬ್ಬರೂ ಓಡಿ ಬಂದು ಎಬ್ಬಿಸಿದರು. ಕೈಕಾಲು ಸರಿಯಾಗೇ ಇದ್ದವು. ಷಡ್ಡಕ ಅವನ ಬೆನ್ನಿನ ಎಲೆ ಕೊಡವುತ್ತಾ ಉಸಿರೆಳೆದುಕೊಂಡ. ಈಗ ಬರುತ್ತದೆ "ಪಾಪ" ಎಂದು ಕನ್ನಡಕದವನು ಕಣ್ಣು ಮುಚ್ಚಿದ. ಬರಲಿಲ್ಲ.

"ಇದು ನಿನ್ನ ಸೈಜಲ್ಲ ಕಣಪ್ಪ" ಎಂದ ಷಡ್ಡಕ ಮೆತ್ತಗೆ. "ಗೇಟಲ್ಲೇ ಹೇಳಬೇಕಿತ್ತು. ಹೇಳಿದ್ರೆ ಬೇಜಾರಾಗ್ತೀಯ ಅಂತ ಸುಮ್ಮನಿದ್ದೆ."

ಪುಟ್ಟಿ ಸೈಕಲನ್ನು ಪೊದೆಯಿಂದ ಎಳೆದು ತಂದಳು. ಅವಳ ತುಟಿ ನಗುವನ್ನು ಬಿಗಿಹಿಡಿದಿತ್ತು. "ದೊಡ್ಡಪ್ಪನ ಫ್ರೇಮು ಕೊಡ್ತೀನಿ ಸ್ವಾಮಿ" ಎಂದಳು, ಅಪ್ಪನದೇ ಗಂಟಲಲ್ಲಿ, "ದೊಡ್ಡಪ್ಪನ ಕಾಲು ಎಲ್ಲಿಂದ ತರಲಿ?"

ಷಡ್ಡಕ ನಕ್ಕ. ಕನ್ನಡಕದವನಿಗೂ ನಗು ಬಂತು, ಜೊತೆಗೆ ನಾಚಿಕೆಯೂ ಬಂತು. ಆ ಮಾತನ್ನು ಅವಳು ಇನ್ನೂ ಮರೆತಿಲ್ಲವಲ್ಲ ಎಂದು ಒಳಗೆಲ್ಲೋ ತಂಪೂ ಆಯಿತು.

"ನಾನೊಂದ್ಸಲ ಓಡಿಸಿ ನೋಡ್ಲಾ?" ಎಂದು ಕೇಳಿದವಳೇ ಉತ್ತರಕ್ಕೆ ಕಾಯದೆ ಹತ್ತಿ ಕೂತಳು.

ಆಗ ಅವನು ನೋಡಿದ. ದಿನವಿಡೀ ಅಪರಿಚಿತರ ಮೂಗು ಕಿವಿ ಅಳೆಯುವ ಕಣ್ಣು ಆವತ್ತು ಮೊದಲ ಸಲ ಸ್ವಂತ ಮಗಳ ಮೇಲೆ ಬಿತ್ತು. ಕಾಲು ಪೆಡಲಿನ ಮೇಲೆ ಎಲ್ಲಿರಬೇಕೋ ಅಲ್ಲಿತ್ತು. ಮೊಣಕೈ ಎಷ್ಟು ಮಡಚಬೇಕೋ ಅಷ್ಟು ಮಡಚಿತ್ತು. ಬೆನ್ನು, ಹೆಗಲು, ಕೈ, ಎಲ್ಲ ಆ ಹಸಿರು ಸೈಕಲ್ಲಿಗೆಂದೇ ಎರಕ ಹೊಯ್ದಂತಿತ್ತು. ಹುಡುಗಿ ತಾಯಿಯ ಕಡೆಯ ಎತ್ತರ ಪಡೆದು ಅಪ್ಪನನ್ನು ಯಾವಾಗಲೋ ದಾಟಿಹೋಗಿದ್ದಳು. ಪಕ್ಕದಲ್ಲಿ ಬಿದ್ದಿತ್ತು ಅವಳ ಸೈಕಲ್ಲು, ಹೈಸ್ಕೂಲಿನಲ್ಲಿದ್ದಾಗ ಅವನೇ ಕೊಡಿಸಿದ್ದು, ಸೀಟಿನ ಕಂಬಿಯನ್ನು ಇನ್ನು ಎತ್ತಲಾಗದಷ್ಟು ಎತ್ತಿ ಓಡಿಸುತ್ತಿದ್ದದ್ದು. ಇಷ್ಟು ದಿನ ಮಂಡಿ ಹ್ಯಾಂಡಲ್ಲಿಗೆ ತಾಗುತ್ತಿದ್ದಿರಬೇಕು. ಒಂದು ದಿನವೂ ಹೇಳಿರಲಿಲ್ಲ. ವಾರಗಟ್ಟಲೆ ಅವನು ಷಡ್ಡಕನನ್ನು ಅಳೆದದ್ದೇ ಅಳೆದದ್ದು, ಕಣ್ಣೆದುರಿನ ಮಗಳನ್ನು ಅಳೆದಿರಲಿಲ್ಲ.

"ಹೋಗು" ಎಂದ.

ಅವಳು ಹೋದಳು. ಹೋದಳು ಅಂದರೆ ಸರಿಯಲ್ಲ, ಅವನು ಎಡವಿದ ತಿರುವನ್ನು ಅವಳು ಗಮನಿಸಲೇ ಇಲ್ಲ. ಸೈಕಲ್ಲು ಅವಳ ಕೆಳಗೆ ವಾಲಿತು, ಎದ್ದಿತು, ಕಲ್ಲುಗಳ ಮೇಲೆ ಹರಿಯಿತು. ಷಡ್ಡಕ "ಏ ತಾಳೇ, ನಾನೂ ಬರ್ತೀನಿ" ಎಂದು ತನ್ನ ಕಾರ್ಬನ್ನಿನ ಮೇಲೆ ಹತ್ತಿ ಬೆನ್ನಟ್ಟಿದ. ಕನ್ನಡಕದವನು ಮಗಳ ಸಣ್ಣ ಸೈಕಲ್ಲಿನ ಸೀಟು ತಗ್ಗಿಸಿ ಕೂತ. ಅದು ಅವನಿಗೆ ಹೇಳಿ ಮಾಡಿಸಿದಂತಿತ್ತು. ನಗಬೇಕೋ ಅಳಬೇಕೋ ತಿಳಿಯದೆ ನಿಧಾನಕ್ಕೆ ಇಳಿದ.

ಅರ್ಧ ದಾರಿಯಲ್ಲಿ ಷಡ್ಡಕ ಒಂದು ಕಾಲು ನೆಲಕ್ಕಿಟ್ಟು ಏದುಸಿರು ಬಿಡುತ್ತಾ ನಿಂತಿದ್ದ. ಕೆಳಗೆ ದೂರದಲ್ಲಿ ಧೂಳಿನ ಒಂದು ಗೆರೆ ಮಾತ್ರ ಕಾಣುತ್ತಿತ್ತು.

"ಇಷ್ಟು ದಿನ ನಾನೇ ಮುಂದೆ ಅಂದ್ಕೊಂಡಿದ್ದೆ" ಎಂದ ಷಡ್ಡಕ. "ಆ ಸಣ್ಣ ಸೈಕಲ್ಲು ಅವಳನ್ನ ಕಟ್ಟಿಹಾಕಿತ್ತು ಅಷ್ಟೇ."

ಅವನ ಮುಖ ಹುಳ್ಳಗಾಗಿತ್ತು. ಕನ್ನಡಕದವನು ಆ ಮುಖವನ್ನು ಕಣ್ತುಂಬ ನೋಡಿದ. ನೋಡಲೆಂದೇ ಕಾದಿದ್ದ ಮುಖ ಅದು. ಹೊಟ್ಟೆಯ ಉರಿಯೆಲ್ಲ ಒಮ್ಮೆಗೇ ತಣ್ಣಗಾಗಿ, ನನ್ನ ಮಗಳು, ನಾನು ಕೊಡಿಸಿದ ಸೈಕಲ್ಲು, ಈಗ ಹೇಳು ನೋಡೋಣ "ಪಾಪ" ಅಂತ ಎನ್ನಿಸಿತು. ಆ ಸುಖ ಬುಡ ತಲುಪುವವರೆಗೂ ಉಳಿಯಿತು.

ಬುಡದಲ್ಲಿ ಪುಟ್ಟಿ ಸೈಕಲ್ಲಿನ ಮೇಲೇ ಕೂತು ಕಾಯುತ್ತಿದ್ದಳು. ಕೆನ್ನೆ ಕೆಂಪಾಗಿತ್ತು, ಕಣ್ಣು ಹೊಳೆಯುತ್ತಿತ್ತು. ಕನ್ನಡಕದವನು ಇಳಿದು ಬಂದು ಅವಳ ಪಕ್ಕ ನಿಂತ. ಹಳೆ ಅಭ್ಯಾಸ, ಅವನಿಗೇ ತಿಳಿಯದೆ ಕೈ ಹೋಗಿ ಅವಳ ಸೀಟಿನ ಹಿಂಭಾಗ ಹಿಡಿದುಕೊಂಡಿತು.

"ಹೇಗಿತ್ತೇ?"

"ಅಪ್ಪ, ಏನು ಹೇಳ್ಲಿ." ಅವಳು ಇನ್ನೂ ಉಸಿರು ಸರಿಮಾಡಿಕೊಳ್ಳುತ್ತಿದ್ದಳು. "ಇದನ್ನ ನಂಗೆ ಕೊಡ್ತೀಯಾ?"

"ನಿಂದೇ ಇನ್ಮೇಲೆ."

"ಹಾಗಾದ್ರೆ ಒಂದು ಮಾತು." ಅವಳು ಅಪ್ಪನನ್ನೂ ದೊಡ್ಡಪ್ಪನನ್ನೂ ಒಮ್ಮೆ ನೋಡಿದಳು. "ಮುಂದಿನ ಭಾನುವಾರದಿಂದ ನಾನೊಬ್ಬಳೇ ಬರ್ಲಾ? ನಿಮ್ಮಿಬ್ಬರಿಗೋಸ್ಕರ ಕಾದು ಕಾದು ನಿಂತು ನಂಗೆ ಸಾಕಾಗುತ್ತೆ. ಬೇಜಾರು ಮಾಡ್ಕೋಬೇಡಿ ದೊಡ್ಡಪ್ಪ."

ಕನ್ನಡಕದವನು ಷಡ್ಡಕನ ಕಡೆ ನೋಡಿದ. ಅಲ್ಲಿ ಕಂಡ ಮುಖ ಅವನಿಗೆ ಚೆನ್ನಾಗಿ ಗೊತ್ತಿತ್ತು. ಎಷ್ಟೋ ಭಾನುವಾರ ಬೆಳಿಗ್ಗೆ, ಆ ದೊಡ್ಡ ಕಾರು ಹೊರಟುಹೋದ ಮೇಲೆ, ಅಂಗಡಿಯ ಕನ್ನಡಿಗಳಲ್ಲಿ ನೋಡಿದ್ದ ತನ್ನದೇ ಮುಖ.

"ಅಪ್ಪ" ಎಂದಳು ಪುಟ್ಟಿ, "ಸೀಟು ಬಿಡು. ಇನ್ನೊಂದು ರೌಂಡ್ ಹೊಡ್ಕೊಂಡು ಬರ್ತೀನಿ."

ಅವನು ಬಿಟ್ಟ. ಈ ಸಲ ಸುಳ್ಳು ಕೂಗು ಹಾಕಲಿಲ್ಲ. ಅವಳು ಎದ್ದು ನಿಂತು ಪೆಡಲು ತುಳಿದಳು, ಹಸಿರು ಸೈಕಲ್ಲು ಬೆಟ್ಟದ ದಾರಿ ಹಿಡಿದು ಮೇಲೆ ಹೋಯಿತು. ಮರಗಳ ನಡುವೆ ಮರೆಯಾಗುವವರೆಗೂ ಅವಳು ತಿರುಗಿ ನೋಡಲಿಲ್ಲ.

ಇಬ್ಬರೂ ಬಂಡೆಯ ಮೇಲೆ ಕೂತರು. ಷಡ್ಡಕ ನೀರಿನ ಬಾಟಲಿ ಚಾಚಿದ. ಇವನು ಕುಡಿದು ವಾಪಸ್ ಕೊಟ್ಟ.

"ಮುಂದಿನ ಭಾನುವಾರ ನೀನಾದ್ರೂ ಬರ್ತೀಯೇನಪ್ಪ?" ಎಂದು ಷಡ್ಡಕ ಕೇಳಿದ, ಮುಚ್ಚಳ ತಿರುಗಿಸುತ್ತಾ.

ಕನ್ನಡಕದವನು ಮೇಲಿನ ದಾರಿಯನ್ನೇ ನೋಡುತ್ತಿದ್ದ.

"ಇಲ್ಲ ಭಾವ" ಎಂದ. "ಅಂಗಡಿ ತೆಗೀಬೇಕು."